74 ನಿಮಿಷ ಬಾಗಿಲಾಚೆ ನಿಂತ ಪೊಲೀಸರು: ಹೇಡಿತನವೋ, ತಪ್ಪು ಲೆಕ್ಕವೋ?

ಟೆಕ್ಸಾಸ್ ಬೋರ:
ನಾನಿರೋದು ಸ್ಯಾನ್ ಆಂಟೋನಿಯೋದಲ್ಲಿ. ಇಲ್ಲಿಂದ ಪಶ್ಚಿಮಕ್ಕೆ ಒಂದೂವರೆ ಗಂಟೆ ಕಾರು ಓಡಿಸಿದರೆ ಯುವಾಲ್ಡಿ ಅನ್ನೋ ಸಣ್ಣ ಊರು ಸಿಗುತ್ತೆ. ಮೊನ್ನೆ ಆ ದಾರಿಯಲ್ಲಿ ಹೋಗುವಾಗ ಕಾಫಿಗೆ ಅಂತ ಇಳಿದೆ. ಪೇಟೆಯ ಗೋಡೆಗಳ ಮೇಲೆಲ್ಲ ಮಕ್ಕಳ ದೊಡ್ಡ ದೊಡ್ಡ ಚಿತ್ರ. ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಮರೆತವರಿಗೆ ಹೇಳ್ತೀನಿ. 2022ರ ಮೇ 24, ರಾಬ್ ಪ್ರಾಥಮಿಕ ಶಾಲೆ. 18 ವರ್ಷದ ಹುಡುಗ ರೈಫಲ್ ಹಿಡಿದು ಬೆಳಿಗ್ಗೆ 11.33ಕ್ಕೆ ಒಳಗೆ ಹೋದ. ಮೂರೇ ನಿಮಿಷಕ್ಕೆ ಪೊಲೀಸರೂ ಅದೇ ಕಟ್ಟಡದೊಳಗೆ ಇದ್ದರು. ಆದರೆ ಅವನನ್ನು ಹೊಡೆದು ಬೀಳಿಸಿದ್ದು 12.50ಕ್ಕೆ. ಅಷ್ಟರಲ್ಲಿ ಬೇರೆ ಬೇರೆ ಇಲಾಖೆಗಳಿಂದ ಬಂದವರೆಲ್ಲ ಸೇರಿ 376 ಜನ. ಒಳಗಿನ ಕೋಣೆಯಿಂದ ಮಕ್ಕಳು 911ಕ್ಕೆ ಫೋನ್ ಮಾಡಿ ಪಿಸುಗುಟ್ಟುತ್ತಾ ಪೊಲೀಸರನ್ನು ಕಳಿಸಿ ಅಂತ ಕೇಳ್ತಿದ್ದವು. ಪೊಲೀಸರು ಗೋಡೆಯಾಚೆಯೇ ಇದ್ದರು! ಹೊರಗೆ ಅಪ್ಪ ಅಮ್ಮಂದಿರು ನುಗ್ಗಲು ಹೋದರೆ ಅವರನ್ನೇ ಹಿಡಿದು ನಿಲ್ಲಿಸಿದರು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು.

ಇದನ್ನ ನಾನು ಹೇಡಿತನ ಅಂತೀನಿ. ನೀವೇನಂತೀರಿ?

ಮಾಜಿ ಎಎಸ್‌ಐ:
ಹೇಡಿ ಅನ್ನೋದು ಬಾಯಿಗೆ ಬಹಳ ಸಲೀಸು ಬೋರಣ್ಣ. ಮೊದಲು ಬಂದವರು ಬಾಗಿಲ ತನಕ ಹೋಗಿದ್ರು. ಒಳಗಿಂದ ಗುಂಡು ಬಂತು, ಇಬ್ಬರಿಗೆ ತರಚಿತು, ಹಿಂದೆ ಸರಿದ್ರು. ಅಲ್ಲೀತನಕ ನಾನು ಅವರನ್ನ ಬೈಯಲ್ಲ. ನಾನೂ ಒಂದು ರಾತ್ರಿ ಮಚ್ಚು ಹಿಡಿದು ಕೂತವನ ಮನೆಗೆ ಹೋಗಿದ್ದೆ. ಕೈಯಲ್ಲಿ ಲಾಠಿ, ಜೊತೆಗೆ ಒಬ್ಬ ಹೋಂಗಾರ್ಡ್ ಹುಡುಗ. ಬಾಗಿಲು ತಟ್ಟೋಕೆ ಮುಂಚೆ ಎಷ್ಟು ಹೊತ್ತು ನಿಂತಿದ್ದೆ ಅಂತ ಇವತ್ತಿಗೂ ನಮ್ಮನೆಯವಳಿಗೆ ಹೇಳಿಲ್ಲ.

ನಾನು ಬೈಯೋದು ಆಮೇಲಿನ ಎಪ್ಪತ್ತು ನಿಮಿಷಕ್ಕೆ. ಅಷ್ಟು ಜನದಲ್ಲಿ 'ಇಲ್ಲಿ ನಾನು ಸಾಹೇಬ, ನನ್ನ ಮಾತು ಕೇಳಿ' ಅನ್ನೋನು ಒಬ್ಬ ಇರಲಿಲ್ಲವಲ್ಲ, ಅದಕ್ಕೆ.

ಗುಡುಗು:
376 ಜನ ಸಾರ್! ಒಬ್ಬೊಬ್ಬರು ಒಂದೊಂದು ಏಟು ಒದ್ದಿದ್ದರೂ ಬಾಗಿಲು ಪುಡಿಯಾಗ್ತಿತ್ತು. ಬೀಗದ ಕೈ ಹುಡುಕ್ತಾ ಕೂತಿದ್ರಂತೆ. ಖಾಕಿ ಹಾಕೋದು ಸಂಬಳಕ್ಕೆ, ಪ್ರಾಣ ಕೊಡೋಕಲ್ಲ ಅಂತ ಒಪ್ಪಿಕೊಂಡುಬಿಡಿ.

ಟೆಕ್ಸಾಸ್ ಬೋರ:
ಅದಕ್ಕಿಂತ ಘೋರ ಇದೆ ಗುಡುಗು. ಆ ಬಾಗಿಲಿಗೆ ಬೀಗ ಬಿದ್ದೇ ಇರಲಿಲ್ಲ ಅನಿಸುತ್ತೆ ಅಂತ ಟೆಕ್ಸಾಸ್ ಶಾಸನಸಭೆಯ ಸಮಿತಿ ಬರೆದಿದೆ. ಹಿಡಿಕೆ ತಿರುಗಿಸಿ ನೋಡಿದವರಿಲ್ಲ.

ಕರಿಕೋಟು:
ವಕೀಲಿ ಮಾಡುವವನು ನಾನು. ಮೇಲಿನ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸುತ್ತೇನೆ. 2024ರ ಜನವರಿಯಲ್ಲಿ ಅಮೆರಿಕದ ನ್ಯಾಯ ಇಲಾಖೆ ಕೊಟ್ಟ ವರದಿ ಹೇಡಿತನಕ್ಕಿಂತ ಬೇರೆಯದನ್ನು ದೊಡ್ಡ ತಪ್ಪು ಎನ್ನುತ್ತದೆ. ಆ ಪೊಲೀಸರು ಒಳಗಿದ್ದವನಿಗೆ ತಪ್ಪು ಹೆಸರಿಟ್ಟರು. ಅವರ ತರಬೇತಿಯಲ್ಲಿ ಎರಡು ಬಗೆ ಇವೆ. ಒಬ್ಬ ಕೋಣೆಯೊಳಗೆ ಅಡಗಿ ಕೂತಿದ್ದಾನೆ ಎಂದರೆ ಸುತ್ತುವರಿ, ಮಾತಾಡಿಸು, ಕಾಯಿ. ಅಲ್ಲಿ ಆತುರಪಟ್ಟವನೇ ಮೂರ್ಖ. ಒಬ್ಬ ಕೊಲ್ಲುತ್ತಲೇ ಇದ್ದಾನೆ ಎಂದರೆ ಮೊದಲು ಬಂದವನು ಒಬ್ಬನೇ ಆದರೂ ಒಳಗೆ ಹೋಗಬೇಕು. 1999ರಲ್ಲಿ ಕೊಲಂಬೈನ್ ಶಾಲೆಯಲ್ಲಿ ವಿಶೇಷ ಪಡೆಗಾಗಿ ಕಾಯುತ್ತ ನಿಂತಿದ್ದರ ಫಲ ನೋಡಿ ಕಲಿತ ಪಾಠ ಈ ಎರಡನೆಯದು.

ಯುವಾಲ್ಡಿಯಲ್ಲಿ ಶಾಲಾ ಪೊಲೀಸ್ ಮುಖ್ಯಸ್ಥ ಮೊದಲ ಕೆಲ ನಿಮಿಷಗಳಲ್ಲೇ 'ಅಡಗಿ ಕೂತವನು' ಎಂಬ ತೀರ್ಮಾನಕ್ಕೆ ಬಂದ. ಆಮೇಲೆ ಬಂದವರೆಲ್ಲ ಅದನ್ನೇ ನಂಬಿದರು. ಮಕ್ಕಳ ಫೋನ್ ಬಂದರೂ ಆ ಹೆಸರು ಬದಲಾಗಲಿಲ್ಲ. ಆ ಮುಖ್ಯಸ್ಥನ ಕೆಲಸ ಹೋಯಿತು, 2024ರ ಜೂನ್‌ನಲ್ಲಿ ಮಕ್ಕಳನ್ನು ಅಪಾಯಕ್ಕೆ ಒಡ್ಡಿದ ಆರೋಪ ಹೊರಿಸಿದರು. ಅದು ಇರಲಿ. ಒಂದು ಪದ ತಪ್ಪಿದರೆ ಅದರ ಹಿಂದೆ 376 ಜನ ಸಾಲಾಗಿ ನಿಂತುಬಿಡುತ್ತಾರೆ, ನನ್ನನ್ನು ಕಾಡುವುದು ಅದು.

ಟೆಕ್ಸಾಸ್ ಬೋರ:
ಒಪ್ಪಿದೆ ಅಂತಲ್ಲ, ಯೋಚನೆಗೆ ಬಿತ್ತು. 2023ರ ಮಾರ್ಚ್‌ನಲ್ಲಿ ನ್ಯಾಶ್‌ವಿಲ್‌ನ ಶಾಲೆಯಲ್ಲೂ ಗುಂಡು ಹಾರಿತು. ಮೊದಲ ಕರೆ ಹೋದ ಹದಿನಾಲ್ಕು ನಿಮಿಷಕ್ಕೆಲ್ಲ ಪೊಲೀಸರು ನುಗ್ಗಿ ಮುಗಿಸಿದ್ದರು. ಅಲ್ಲೂ ಆರು ಜನ ಸತ್ತರು, ಆದರೆ ಅವರ ಕ್ಯಾಮೆರಾ ವಿಡಿಯೋ ನೋಡಿ: ಒಬ್ಬನೂ ಇದು ಯಾವ ಬಗೆ ಅಂತ ಚರ್ಚೆ ಮಾಡ್ತಿಲ್ಲ. ಕೋಣೆ ಕೋಣೆ ನೋಡ್ತಾ ಶಬ್ದ ಬಂದ ಕಡೆಗೆ ಓಡ್ತಾರೆ ಅಷ್ಟೆ.

ಓದುಗಿ:
ಕರಿಕೋಟು ಸರ್, ಒಂದು ಸಂಶಯ. ಪೊಲೀಸರು ಬರದಿದ್ದರೆ, ಬಂದೂ ಸುಮ್ಮನಿದ್ದರೆ ಕೇಸ್ ಹಾಕಬಹುದಲ್ವಾ? ಅವರಿಗೆ ಕಾಪಾಡೋ ಹೊಣೆ ಇರಲೇಬೇಕಲ್ಲ?

ಕರಿಕೋಟು:
ಅಮೆರಿಕದಲ್ಲಿ ಉತ್ತರ ಕೇಳಿದರೆ ಗಾಬರಿಯಾಗುತ್ತದೆ. 1999ರಲ್ಲಿ ಕೊಲರಾಡೋದ ಕ್ಯಾಸಲ್ ರಾಕ್ ಎಂಬ ಊರಲ್ಲಿ ಒಬ್ಬ ತಾಯಿಯ ಬಳಿ ಗಂಡನ ವಿರುದ್ಧ ಕೋರ್ಟಿನ ತಡೆಯಾಜ್ಞೆ ಇತ್ತು. ಆತ ಮೂರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದ. ಆಕೆ ಸಂಜೆಯಿಂದ ಮತ್ತೆ ಮತ್ತೆ ಫೋನ್ ಮಾಡಿದಳು, ಠಾಣೆಗೂ ಹೋದಳು. ಕಾಯಿರಿ, ಬರಬಹುದು ಎಂದರು. ಬೆಳಗಿನ ಜಾವ ಆತನೇ ಠಾಣೆ ಮುಂದೆ ಬಂದು ಗುಂಡು ಹಾರಿಸಿದ, ಪೊಲೀಸರ ಗುಂಡಿಗೆ ಸತ್ತ. ಗಾಡಿಯಲ್ಲಿ ಮೂರು ಮಕ್ಕಳ ಶವ. 2005ರಲ್ಲಿ ಸುಪ್ರೀಂ ಕೋರ್ಟ್ 7–2ರಲ್ಲಿ ಹೇಳಿತು: ತಡೆಯಾಜ್ಞೆಯನ್ನು ಪೊಲೀಸರು ಜಾರಿ ಮಾಡಲೇಬೇಕು ಎಂದು ಕೇಳುವ ಸಾಂವಿಧಾನಿಕ ಹಕ್ಕು ಆಕೆಗಿಲ್ಲ.

ಅಂದರೆ ತರಬೇತಿ ಪುಸ್ತಕ 'ಒಳಗೆ ಹೋಗು' ಎನ್ನುತ್ತದೆ. ಹೋಗದಿದ್ದರೆ ಏನು ಎಂದು ಕೇಳಿದರೆ ಸಂವಿಧಾನ ಸುಮ್ಮನಿರುತ್ತದೆ.

ಬ್ಯಾಡಗಿ ಮೆಣಸಿನಕಾಯಿ:
ಅಮೆರಿಕಾದ್ದು ದೂರ ಆತ್ರಿ. ನಮ್ಮ ಹುಬ್ಬಳ್ಳ್ಯಾಗ 2024ರ ಮೇ 15ಕ್ಕ ಏನಾತು ನೆನಪೈತಿಲ್ಲೋ? ವೀರಾಪುರ ಓಣ್ಯಾಗ ನಸುಕಿನ್ಯಾಗ ಒಬ್ಬಾಂವ ಮನಿಗೇ ಬಂದು ಇಪ್ಪತ್ತು ವರ್ಷದ ಹುಡಗೀನ ಚಾಕುಲೇ ಇರದು ಕೊಂದ. ಅಂವಾ ಧಮಕಿ ಹಾಕ್ಯಾನಂತ ಮೊದಲ ಹೋಗಿ ಹೇಳಿದ್ವಿ, ಪೊಲೀಸರು ಕಿವ್ಯಾಗ ಹಾಕ್ಕೊಳ್ಳಲಿಲ್ಲ ಅಂತ ಮನಿ ಮಂದಿ ಅತ್ತಗೋಂತ ಹೇಳಿದ್ರು. ಕೊಲಿ ಆದ ಮ್ಯಾಲೆ ಬೆಂಡಿಗೇರಿ ಠಾಣೆ ಇನ್‌ಸ್ಪೆಕ್ಟರ್‌ನ, ಒಬ್ಬಾಕಿ ಹೆಡ್ ಕಾನ್‌ಸ್ಟೇಬಲ್‌ನ ಅಮಾನತು ಮಾಡಿದ್ರು. ಅದಕ್ಕೂ ಒಂದ ತಿಂಗಳ ಮೊದಲ ಇದ ಊರಾಗ ಕಾಲೇಜ್ ಆವರಣದಾಗ ಇನ್ನೊಂದು ಹುಡಗಿ ಹ್ವಾದ್ಲು. ಒಂದ ತಿಂಗಳದಾಗ ಎರಡು. ಆದ್ರೂ ಎಚ್ಚರ ಆಗಲಿಲ್ಲ.

ಕರಿಕೋಟು ಸಾಹೇಬ್ರ ಹೆಸರಿನ ಮಾತು ಖರೇ ಐತಿ. ಅಲ್ಲಿ 'ಅಡಗಿ ಕುಂತಾಂವ' ಅಂದ್ರು. ಇಲ್ಲಿ 'ಲವ್ ಮ್ಯಾಟರ್' ಅಂತಾರ. ಅಷ್ಟ ಅಂದಮ್ಯಾಲೆ ಮುಂದಿನ ಕೆಲಸ ಮುಗದಂಗ. ನಮ್ಮ ಕಾಕಾನ ಮಗಳ ಸಲುವಾಗಿ ಒಂದು ಠಾಣೆಗೆ ಹೋದಾಗ ರೈಟರ್ ಪೆನ್ನಿನ ಟೊಪಗಿ ಸೈತ ತೆಗೀಲಿಲ್ಲರಿ. 'ಹುಡಗನ್ನ ಕರಸಿ ಬುದ್ಧಿ ಹೇಳತೇವಿ, ಹೋಗ್ರಿ' ಅಂದ. ನೀವು ಬಾಗಿಲದ ಮುಂದ ನಿಂತಾರ ಅಂತ ಬೈಯಾಕತ್ತೀರಿ. ನಮ್ಮಲ್ಲಿ ಬಾಗಿಲತನಕ ಬರೂದ ಇಲ್ಲ.

ಮಾಜಿ ಎಎಸ್‌ಐ:
ತಂಗಿ, ನಿಮ್ಮ ಸಿಟ್ಟು ನ್ಯಾಯವಾದ್ದು. ಆದ್ರೂ ಟೇಬಲ್‌ನ ಈ ಕಡೆಯಿಂದ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ನ ಸರ್ವಿಸಲ್ಲಿ 'ನಮ್ಮ ಹುಡುಗಿ ಹಿಂದೆ ಬಿದ್ದವನೆ, ಕೊಲ್ತೀನಿ ಅಂತವನೆ' ಅಂತ ಅಪ್ಪಂದಿರು ತಂದ ಅರ್ಜಿ ಎಷ್ಟೋ. ಹುಡುಗೀನ ಪಕ್ಕಕ್ಕೆ ಕರೆದು ಕೇಳಿದ್ರೆ ಅವಳು ಅಳ್ತಾ ಹೇಳೋಳು, 'ಸಾರ್, ನಾವಿಬ್ರೂ ಇಷ್ಟಪಟ್ಟಿದೀವಿ, ಜಾತಿ ಬೇರೆ, ಅಪ್ಪನೇ ಹೊಡೀತವ್ರೆ' ಅಂತ. ಅಲ್ಲಿ ನಾನು ಪೆನ್ನಿನ ಕ್ಯಾಪ್ ತೆಗೆದಿದ್ರೆ ಯಾರಿಗೆ ಅನ್ಯಾಯ ಆಗ್ತಿತ್ತು? ಬರೀದೇ ಇದ್ದಿದ್ದಕ್ಕೆ ಉಳಿದ ಜೋಡಿಗಳೂ ಅವೆ. ಒಂದು ಜೋಡಿ ಈಗಲೂ ಹಬ್ಬಕ್ಕೆ ಹೋಳಿಗೆ ಕಳಿಸ್ತದೆ.

ಎಲ್ಲಾನೂ ಬರೀರಿ ಅಂದ್ರೆ ನಮ್ಮ ಬುದ್ಧಿಗೆ ಕೆಲಸ ಇಲ್ಲ. ಬುದ್ಧಿ ಉಪಯೋಗಿಸಿ ಅಂದ್ರೆ ಒಂದಿನ ಅದು ಎಡವುತ್ತೆ. ಎರಡರಲ್ಲಿ ಯಾವುದು ಬೇಕು ಹೇಳಿ.

ಓದುಗಿ:
ಸರ್, ನಿಮ್ಮ ಮಾತು ನನ್ನನ್ನ ನಿಲ್ಲಿಸಿತು, ಸುಳ್ಳಲ್ಲ. ಆದರೆ ನೀವು ಮಾಡಿದ್ದನ್ನ ಮತ್ತೆ ಓದಿ. ನೀವು ಹುಡುಗಿಯನ್ನ ಪಕ್ಕಕ್ಕೆ ಕರೆದು ಕೇಳಿದಿರಿ! ಬರೆದಿರೋ ಬಿಟ್ಟಿರೋ, ಕೇಳಿದಿರಿ. ಮೆಣಸಿನಕಾಯಿ ಅವರ ರೈಟರ್ ಅದನ್ನೂ ಮಾಡಲಿಲ್ಲ.

ಕಾರ್ಡಿಫ್‌ನಲ್ಲಿ 2009ರಲ್ಲಿ ನಡೆದದ್ದು ಓದಿದ್ದೆ. ರಾತ್ರಿ ಎರಡೂವರೆಗೆ ಒಬ್ಬ ಹೆಂಗಸು 999ಕ್ಕೆ ಫೋನ್ ಮಾಡಿ, ಹಳೇ ಸಂಗಾತಿ ಹೊಡೆದಿದ್ದಾನೆ, ವಾಪಸ್ ಬಂದು ಕೊಲ್ತೀನಿ ಅಂದಿದ್ದಾನೆ ಅಂತಾಳೆ. ಮೊಬೈಲ್ ಟವರ್ ಪಕ್ಕದ ಜಿಲ್ಲೆಯದ್ದು, ಹಾಗಾಗಿ ಕರೆ ಅಲ್ಲಿನ ಪೊಲೀಸರಿಗೆ ಹೋಗುತ್ತೆ. ಅವರು ಇವರಿಗೆ ದಾಟಿಸುವಾಗ 'ಕೊಲ್ತೀನಿ' ಅನ್ನೋದೇ ಬಿಟ್ಟುಹೋಗುತ್ತೆ. ತಕ್ಷಣ ಹೋಗಬೇಕಾದ ಕರೆ ಒಂದು ಗಂಟೆಯೊಳಗೆ ಹೋದರಾಯಿತು ಅನ್ನೋ ದರ್ಜೆಗೆ ಇಳಿಯುತ್ತೆ. ಹದಿನೈದು ನಿಮಿಷಕ್ಕೆ ಅವಳದ್ದೇ ಎರಡನೇ ಕರೆ, ಬರೀ ಕಿರುಚಾಟ. ಪೊಲೀಸರು ಬರುವಾಗ ಎಲ್ಲ ಮುಗಿದಿತ್ತು. ಅಲ್ಲಿ ಯಾರೂ ಹೇಡಿಗಳಲ್ಲ, ಯಾರೂ ಬಾಗಿಲ ಮುಂದೆ ನಿಂತಿರಲಿಲ್ಲ.

ಕರಿಕೋಟು:
ಸರಿಯಾದ ಉದಾಹರಣೆ. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅದರಲ್ಲಿ 5–2ರಿಂದ ನಿರ್ಲಕ್ಷ್ಯದ ದಾವೆ ನಿಲ್ಲುವುದಿಲ್ಲ ಎಂದಿತು. ಆದರೆ ಬದುಕುವ ಹಕ್ಕಿನ ಅಡಿಯಲ್ಲಿ ಹಾಕಿದ್ದ ಕೇಸು ಮುಂದುವರಿಯಲಿ ಎಂದಿತು.

ನಮ್ಮ ಕಾನೂನು ಕಾಗದದ ಮೇಲೆ ಇವರಿಗಿಂತ ಗಟ್ಟಿ. ಗಂಭೀರ ಅಪರಾಧ ತಡೆಯುವುದು ಪೊಲೀಸರ ಕರ್ತವ್ಯವೆಂದು ಹಳೇ ಅಪರಾಧ ಪ್ರಕ್ರಿಯೆಯ ಕಾನೂನು ಸಿಆರ್‌ಪಿಸಿ 149ರಲ್ಲಿತ್ತು, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 168ರಲ್ಲಿದೆ. ದೂರಿನಲ್ಲಿ ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧ, ಕಂಡರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ 2013ರ ಲಲಿತಾ ಕುಮಾರಿ ತೀರ್ಪು ಹೇಳಿದೆ. ಆದರೆ ತೂತು ಎಲ್ಲಿದೆ ನೋಡಿ. ಬರೀ ಬೆದರಿಕೆ ಎಂದು ಬರೆದುಕೊಂಡರೆ ಅದು ಅಸಂಜ್ಞೇಯ, ಅಂದರೆ ಎನ್‌ಸಿ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ತನಿಖೆಯೇ ಇಲ್ಲ. 'ಬೆನ್ನು ಹತ್ತಿ ಕಾಡುತ್ತಿದ್ದಾನೆ' ಎಂದು ಬರೆದರೆ ಸಂಜ್ಞೇಯ. ಅದೇ ಹುಡುಗ, ಅದೇ ಸಂಜೆ, ಅದೇ ಮಾತು. ಇನ್ನೂ ಒಂದಿದೆ. ಹೆಣ್ಣುಮಕ್ಕಳ ಮೇಲಿನ ಕೆಲವು ಅಪರಾಧಗಳ ದೂರು ದಾಖಲಿಸದ ಪೊಲೀಸನಿಗೇ ಜೈಲು ಎಂದು ಐಪಿಸಿ 166ಎ ತಂದರು. ಆ ಪಟ್ಟಿಯಲ್ಲಿ ಅತ್ಯಾಚಾರ ಇದೆ, ಆಸಿಡ್ ದಾಳಿ ಇದೆ. ಬೆನ್ನು ಹತ್ತುವುದು ಇಲ್ಲ. ಐಪಿಸಿಯ ಜಾಗಕ್ಕೆ ಬಂದ ಹೊಸ ಸಂಹಿತೆ ಬಿಎನ್‌ಎಸ್‌ನಲ್ಲೂ ಸೇರಿಸಲಿಲ್ಲ. ಕೊಲೆಗೆ ಮುಂಚಿನ ಮೆಟ್ಟಿಲನ್ನೇ ಬಿಟ್ಟು ಪಟ್ಟಿ ಮಾಡಿದ್ದಾರೆ.

ಗುಡುಗು:
ಸೆಕ್ಷನ್ನು ಸೆಕ್ಷನ್ನು! 2025ರ ಏಪ್ರಿಲ್‌ನಲ್ಲಿ ಅದೇ ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವನ್ನ ಕೊಂದವನಿಗೆ ಮಹಿಳಾ ಪಿಎಸ್‌ಐ ಗುಂಡು ಹೊಡೆದಾಗ ಜನ ಜೈಕಾರ ಹಾಕಿದ್ದು ನೆನಪಿದೆಯಾ? ಅಂಥ ಪೊಲೀಸರು ಬೇಕು. ಎರಡು ಗುಂಡು ಬಿದ್ದರೆ ಎಲ್ಲ ತಣ್ಣಗಾಗ್ತಾರೆ.

ಬ್ಯಾಡಗಿ ಮೆಣಸಿನಕಾಯಿ:
ಜೈ ಅಂದೋರಾಗ ನಮ್ಮವ್ವನೂ ಒಬ್ಬಾಕಿ. ಆದ್ರ ಆ ಕೂಸು ತಿರುಗಿ ಬಂತೇನ್ರಿ? ಗುಂಡು ಹಾರಿಸಿದ್ದು ಕೂಸು ಹೋದಮ್ಯಾಲೆ. ನಾ ಕೇಳಾಕತ್ತಿದ್ದು ಅದಕ್ಕಿಂತ ಮೊದಲಿಂದು.

ಮಾಜಿ ಎಎಸ್‌ಐ:
ಗುಡುಗು ಅವರೇ, ಆ ಪ್ರಕರಣದಲ್ಲಿ ಆಮೇಲೆ ಸಿಐಡಿ ತನಿಖೆ ಆಯ್ತು, ಹೈಕೋರ್ಟ್ ತನಕ ಹೋಯ್ತು. ಆರೋಪಿ ಅನ್ನೋ ಪದ ಇರೋದು ಸುಮ್ಮನೆ ಅಲ್ಲ. ಗುಂಡು ಹಾರಿಸಿದವರಿಗೆ ಆ ರಾತ್ರಿ ನಿದ್ದೆ ಬರಲ್ಲ. ಜೈಕಾರ ಹಾಕಿದವರು ಅನ್ನ ಉಂಡು ಮಲಗ್ತಾರೆ. ಅದು ಬೇರೆ ಚರ್ಚೆ, ಇಲ್ಲಿ ಬೇಡ.

ಓದುಗಿಯಮ್ಮ ಹೇಳಿದ್ದು ಒಪ್ಪಿದೆ. ಕೇಳೋಕೆ ಪುರುಸೊತ್ತು ಬೇಕು ಅಷ್ಟೆ. ಬೆಳಿಗ್ಗೆ ಮಂತ್ರಿ ಬಂದೋಬಸ್ತು, ಮಧ್ಯಾಹ್ನ ಕೋರ್ಟು, ರಾತ್ರಿ ಬೀಟು. ನಡುವೆ ಸಂಜೆ ಆರೂವರೆಗೆ ಬಂದು ಅಳೋ ಹುಡುಗಿ. ಯಾರೂ ಬೇಕು ಅಂತ ತಪ್ಪು ಮಾಡಲ್ಲ. ಸುಸ್ತಾದವನು ಇದು ದಿನಾ ಇರೋದೇ ಅಂದ್ಕೋತಾನೆ.

ಟೆಕ್ಸಾಸ್ ಬೋರ:
ನಾನು ಹೇಡಿತನ ಅಂತ ಶುರು ಮಾಡಿದ್ದೆ. ಪೂರ್ತಿ ವಾಪಸ್ ತಗೊಳ್ಳಲ್ಲ. ಆ ಹಜಾರದಲ್ಲಿ ಒಬ್ಬ ಪೊಲೀಸ್ ಇದ್ದ. ಅವನ ಹೆಂಡತಿ ಒಳಗಿನ ಶಿಕ್ಷಕಿ. ಗುಂಡು ತಗುಲಿದೆ ಅಂತ ಅವಳೇ ಅವನಿಗೆ ಫೋನ್ ಮಾಡಿದ್ದಳು. ಮುಂದೆ ಹೋಗಲು ನೋಡಿದವನ ಬಂದೂಕು ಕಿತ್ತುಕೊಂಡು ಜೊತೆಯವರೇ ಹೊರಗೆ ಕಳಿಸಿದರು. ಅವಳು ಉಳಿಯಲಿಲ್ಲ. ಹೆಸರು ತಪ್ಪಾಗಿತ್ತು ಸರಿ, ಈ ಸುದ್ದಿ ಕಿವಿಗೆ ಬಿದ್ದ ಮೇಲೂ ಬದಲಾಗಲಿಲ್ಲ ಅಂದರೆ ಅದಕ್ಕೆ ಏನಂತೀರಿ ಎಎಸ್‌ಐ ಸಾರ್?

ಮಾಜಿ ಎಎಸ್‌ಐ:
ಅದಕ್ಕೆ ನನ್ನ ಹತ್ರ ಉತ್ತರ ಇಲ್ಲಪ್ಪ.

ಬ್ಯಾಡಗಿ ಮೆಣಸಿನಕಾಯಿ:
ಎಎಸ್‌ಐ ಅಣ್ಣಾರ, ಚರ್ಚೆ ಮುಂದ ಮಾಡೂಣು. ಒಂದು ಸಹಾಯ ಬೇಕಾಗೇತ್ರಿ. ನಮ್ಮ ಓಣ್ಯಾಗ ಒಂದು ಹುಡಗಿಗೆ ಒಬ್ಬಾಂವ ಎರಡು ತಿಂಗಳಿಂದ ಕಾಡಾಕತ್ಯಾನ. ಬಸ್‌ಸ್ಟ್ಯಾಂಡಿಗೆ ಬರ್ತಾನ, ಹೊಸ ಹೊಸ ನಂಬರಿಂದ ಮೆಸೇಜ್ ಹಾಕ್ತಾನ. ನಾಳೆ ಅವರವ್ವನ ಜೋಡಿ ನಾನೂ ಠಾಣೆಗೆ ಹೋಗಾಕಿ. ಏನಂತ ಬರೀಬೇಕ್ರಿ?

ಮಾಜಿ ಎಎಸ್‌ಐ:
ಹುಡುಗಿಯ ಮಾತಲ್ಲೇ ಬರೀರಿ, ಅವ್ವನ ಮಾತಲ್ಲಿ ಬೇಡ. 'ಕಿರುಕುಳ ಕೊಡ್ತಾನೆ' ಅಂತ ಒಂದೇ ಸಾಲು ಬರೆದರೆ ನಮ್ಮವರು ಬುದ್ಧಿ ಹೇಳಿ ಕಳಿಸ್ತಾರೆ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಹಿಂದೆ ಬಂದ, ಅವಳು ಬೇಡ ಅಂದಿದ್ದು ಯಾವಾಗ, ಒಂದೊಂದೂ ಬೇರೆ ಬೇರೆ ಸಾಲು. ಮೆಸೇಜಿನ ಪ್ರಿಂಟ್ ಲಗತ್ತಿಸಿ. ಕೊಲ್ತೀನಿ ಅಂದಿದ್ರೆ ಅವನ ಬಾಯಲ್ಲಿ ಬಂದ ಹಾಗೇ ಬರೀರಿ, ನಾಚಿಕೆ ಬೇಡ. ಎರಡು ಪ್ರತಿ ಇರಲಿ, ಒಂದರ ಮೇಲೆ ಸೀಲು ಹಾಕಿಸಿ ಸ್ವೀಕೃತಿ ತಗೊಂಡೇ ಎದ್ದು ಬನ್ನಿ.

ಕರಿಕೋಟು:
ಅರ್ಜಿಯಲ್ಲಿ ಬಿಎನ್‌ಎಸ್ ಕಲಂ 78 (ಬೆನ್ನು ಹತ್ತುವುದು) ಎಂದೂ ಸೇರಿಸಿ. ತೆಗೆದುಕೊಳ್ಳದಿದ್ದರೆ ಅದೇ ಅರ್ಜಿಯನ್ನು ಅಂಚೆಯಲ್ಲಿ ಮೇಲಧಿಕಾರಿಗೆ ಕಳಿಸಬಹುದು, ಬಿಎನ್‌ಎಸ್‌ಎಸ್ 173(4)ರಲ್ಲಿ ಅವಕಾಶವಿದೆ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ.

ಬ್ಯಾಡಗಿ ಮೆಣಸಿನಕಾಯಿ:
ಎರಡು ಪ್ರತಿ, ಸೀಲು, 78. ಬರಕೊಂಡೆ. ಸ್ವೀಕೃತಿ ಸಿಕ್ರ ಇಲ್ಲೇ ಫೋಟೋ ಹಾಕ್ತೀನ್ರಿ.

ಓದುಗಿ:
ಅಯ್ಯೋ, ಹಾಕಬೇಡಿ ಅಕ್ಕ, ಹುಡುಗಿ ಹೆಸರಿರುತ್ತೆ. ಸಿಕ್ತು ಅಂತ ಒಂದು ಸಾಲು ಬರೆದರೆ ಸಾಕು.