ನಾಲ್ಕಡಿ ಎರಡಡಿಯಲ್ಲಿ ಆಗುಂಬೆ ಘಾಟಿ: ಸ್ಲಾಟ್ ಕಾರಿಗೆ ಏರುದಾರಿ ಕಟ್ಟಿದವರು ಹೇಳಿ

ಕೇಳಿದವರು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿರುವ ನನ್ನ ತಮ್ಮ ಹೋದ ಸಲ ಬಂದಾಗ ಮಗಳಿಗೆ ಒಂದು ಸ್ಕೇಲೆಕ್ಸ್‌ಟ್ರಿಕ್ ಸ್ಲಾಟ್ ಕಾರ್ ಸೆಟ್ ತಂದುಕೊಟ್ಟ. 1/32 ಅಳತೆಯ ಎರಡು ಕಾರು, ಒಂದಷ್ಟು ಟ್ರ್ಯಾಕು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಟ್ರ್ಯಾಕಿನ ಉದ್ದಕ್ಕೂ ಒಂದು ಸೀಳು ಇರುತ್ತದೆ. ಕಾರಿನ ಮೂತಿಯ ಕೆಳಗಿರುವ ಗೈಡ್ ಅದರಲ್ಲಿ ಕೂರುತ್ತದೆ. ಸೀಳಿನ ಆಚೀಚೆ ಇರುವ ಎರಡು ಲೋಹದ ಪಟ್ಟಿಯಿಂದ, ಅಂದರೆ ಹಳಿಯಿಂದ, ಕರೆಂಟ್ ಬರುತ್ತದೆ. ಸ್ಟಿಯರಿಂಗ್ ಇಲ್ಲ, ನಮ್ಮ ಕೈಯಲ್ಲಿರುವುದು ವೇಗ ಒಂದೇ.

ಹಾಲಿನಲ್ಲಿ ಹರಡಿಕೊಂಡು ಎರಡು ವಾರ ಆಡಿದೆವು. ದಿನಾ ಜೋಡಿಸಿ ದಿನಾ ಬಿಚ್ಚಿ ಸಾಕಾಯಿತು. ಖಾಯಂ ಆಗಿ ಇಡೋಣ ಅಂದರೆ ರೂಮಿನ ಮೂಲೆಯಲ್ಲಿ ನಾಲ್ಕಡಿ ಉದ್ದ, ಎರಡಡಿ ಅಗಲ ಸಿಗುತ್ತದೆ, ಅಷ್ಟೇ. ಮೇಲಕ್ಕೆ ಮಾತ್ರ ಸೂರಿನವರೆಗೂ ಖಾಲಿ. ಹಾಗಾಗಿ ಎತ್ತರಕ್ಕೇ ಹೋಗೋಣ ಅಂತ ಯೋಚನೆ. ಮಗಳಿಗೆ ಆಗುಂಬೆ ಘಾಟಿಯೇ ಬೇಕಂತೆ, 14 ತಿರುವೂ ಬೇಕಂತೆ. ಕಳೆದ ವರ್ಷ ಅಲ್ಲಿ ಏಳನೇ ತಿರುವಿನಲ್ಲಿ ವಾಂತಿ ಮಾಡಿಕೊಂಡವಳೂ ಅವಳೇ! ಗೋಡೆಗೆ ಮೊಳೆ ಹೊಡೆಯಲು ಓನರ್ ಬಿಡುವುದಿಲ್ಲ. ಎಷ್ಟು ಏರು ಕೊಡಬಹುದು? ಎಲ್ಲಿ ಕೈಕೊಡುತ್ತದೆ? ಕಟ್ಟಿದವರು ಇದ್ದರೆ ಹೇಳಿ.

ಮೈಸೂರಿನಿಂದ

ಮೇಡಂ, ಮೊದಲು ಟೇಪ್ ಹಿಡಿದು ಅಳೆಯಿರಿ. ನಾನು ಪ್ಲೈವುಡ್ ಕೊಯ್ಸಿಕೊಂಡು ಬಂದ ಮೇಲೆ ಅಳೆದವನು. ಸೆಟ್ಟಿನ ತಿರುವು ಹಲಗೆಯಿಂದ ಹತ್ತಿರ ಹತ್ತಿರ ಒಂದಡಿ ಆಚೆ ನೇತಾಡುತ್ತಿತ್ತು.

ಸೆಟ್ಟಿನಲ್ಲಿ ಸಾಮಾನ್ಯವಾಗಿ ಬರುವುದು ಆರ್ 2 ತಿರುವು. ನಡುಗೆರೆಗೆ ಅದರ ತ್ರಿಜ್ಯ 370 ಮಿಮೀ, ಟ್ರ್ಯಾಕಿನ ಅಗಲ 156 ಮಿಮೀ. ಪೂರ್ತಿ ಯು ತಿರುವು ಹಾಕಿದರೆ 896 ಮಿಮೀ ಅಗಲ ಬೇಕು. ನಿಮ್ಮ ಎರಡಡಿ ಅಂದರೆ 610. ಆರ್ 1 ತಿರುವಾದರೆ ತ್ರಿಜ್ಯ 214, ಯು ತಿರುವು 584ರಲ್ಲಿ ಮುಗಿಯುತ್ತದೆ. ಅದನ್ನೇ ಕೊಳ್ಳಬೇಕು, ಬೇರೆ ದಾರಿ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಒಂದು ಎಚ್ಚರ: ಹಳೆಯ ಕ್ಲಾಸಿಕ್ ಟ್ರ್ಯಾಕ್ ಈಗಿನ ಸ್ಪೋರ್ಟ್ ಟ್ರ್ಯಾಕಿಗೆ ನೇರವಾಗಿ ಕೂಡುವುದಿಲ್ಲ, ನಡುವೆ ಕನ್ವರ್ಟರ್ ತುಂಡು ಬೇಕು.

ಇನ್ನು ಆಕಾರ. ಎಲ್ಲರಿಗೂ ಮೊದಲು ಹೊಳೆಯುವುದು ಸುರುಳಿ. ನಾನೂ ಅದನ್ನೇ ಕಟ್ಟಿದ್ದೆ. ಕಾರು ಎಡಕ್ಕೇ ತಿರುಗಿ ತಿರುಗಿ ಮೇಲೆ ಹೋಗುತ್ತದೆ. ಘಾಟಿ ಅನ್ನಿಸುವುದಿಲ್ಲ, ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿದ ಹಾಗಿರುತ್ತದೆ. ನಿಜವಾದ ಘಾಟಿಯ ಹಾಗೆ ಒಂದರ ಪಕ್ಕ ಒಂದು ಹಾವಿನಂತೆ ಮಲಗಿಸಲು ಎರಡಡಿ ಅಗಲ ಸಾಲದು. ನನಗೆ ಕೊನೆಗೆ ದಕ್ಕಿದ್ದು 8ರ ಆಕಾರ. ಒಂದು ಸುತ್ತು ಎಡಕ್ಕೆ, ಮುಂದಿನದು ಬಲಕ್ಕೆ, ನಡುವೆ ಪ್ರತಿ ಸಲ ಕೆಳಗಿನ ರಸ್ತೆಯ ಮೇಲೆ ಹಾದು ಹೋಗುತ್ತದೆ.

ಲೆಕ್ಕ ಹೀಗೆ. ಒಂದು ಸುತ್ತಿಗೆ ಆರ್ 1ರ 45 ಡಿಗ್ರಿ ತುಂಡು ಆರು. ಎರಡು ಸುತ್ತುಗಳ ನಡುವೆ ಒಂದು 350 ಮಿಮೀ ನೇರ ತುಂಡು, ಒಂದು 87ರ ಪುಟ್ಟ ತುಂಡು. ಒಟ್ಟು ಉದ್ದ ಸುಮಾರು 1200 ಮಿಮೀ ಬರುತ್ತದೆ, ನಾಲ್ಕಡಿ ಅಂದರೆ 1219. ಕೂದಲೆಳೆಯಲ್ಲಿ ಕೂರುತ್ತದೆ. ದಾಟುವ ಜಾಗದಲ್ಲಿ ಮಹಡಿ ಮಹಡಿಗೆ 100 ಮಿಮೀ ಬಿಡಿ. ಕಾರಿನ ಎತ್ತರ ಸಾಮಾನ್ಯವಾಗಿ 45 ಮಿಮೀ ಒಳಗೇ ಇರುತ್ತದೆ, ಮಿಕ್ಕಿದ್ದು ಟ್ರ್ಯಾಕಿನ ದಪ್ಪಕ್ಕೆ ಮತ್ತು ನಿಮ್ಮ ಬೆರಳಿಗೆ. ಹಾಗೆ ಬಿಟ್ಟರೆ ಏರು ಶೇ. 7ರ ಆಸುಪಾಸು.

ಇದರಲ್ಲಿ ಒಂದು ಮಜಾ ಇದೆ. ಶೇ. 7ರ ಏರಿನಲ್ಲಿ ಆರ್ 1ರ ಒಂದು ತುಂಡಿಗೆ 12 ಮಿಮೀ ಏರಬೇಕು. 12 ಮಿಮೀ ಪ್ಲೈವುಡ್ ಎಲ್ಲಾ ಅಂಗಡಿಯಲ್ಲೂ ಸಿಗುತ್ತದಲ್ಲ? ಮೊದಲ ಜೋಡಣೆಯ ಕೆಳಗೆ ಒಂದು ಬಿಲ್ಲೆ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಉದ್ದ ತುಂಡಿಗೆ ಎರಡು ಬಿಲ್ಲೆ, ಪುಟ್ಟ ತುಂಡಿಗೆ 6 ಮಿಮೀ ಪ್ಲೈನ ಅರ್ಧ ಬಿಲ್ಲೆ. ಅಳೆಯುವುದೇ ಬೇಡ, ಎಣಿಸಿದರೆ ಸಾಕು. ಬಡಗಿ ಅಂಗಡಿಯ ಚೂರುಪಾರುಗಳಲ್ಲೇ ನನ್ನ ಮೊದಲ ಮಹಡಿ ಮುಗಿಯಿತು. ಎರಡನೇ ಮಹಡಿಯಿಂದ ಮೇಲಕ್ಕೆ, ಅಡಿಯಲ್ಲಿ ಟ್ರ್ಯಾಕ್ ಇರುವುದರಿಂದ ಬಿಲ್ಲೆ ಇಡಲು ಆಗುವುದಿಲ್ಲ. ಅಲ್ಲಿಗೆ 8 ಮಿಮೀ ಥ್ರೆಡ್ ರಾಡ್ ನಿಲ್ಲಿಸಿ, ನಟ್ಟಿನ ಮೇಲೆ ಅಡ್ಡಪಟ್ಟಿ ಕೂರಿಸಿ. ನಟ್ ಒಂದು ಸುತ್ತು ತಿರುಗಿಸಿದರೆ 1.25 ಮಿಮೀ ಏರುತ್ತದೆ. ಆಮೇಲೆ ಸರಿಮಾಡಲು ಇದಕ್ಕಿಂತ ಸುಖ ಇಲ್ಲ. ಎಲ್ಲಾ ಹಲಗೆಯ ಮೇಲೇ ನಿಲ್ಲುವುದರಿಂದ ಓನರ್ ತಂಟೆಯೂ ಇಲ್ಲ.

ಮಗಳಿಗೆ ಹೇಳಿ: ಒಂದು ಸುತ್ತನ್ನು ಒಂದು ತಿರುವು ಅಂತ ಎಣಿಸಿದರೂ 14 ತಿರುವಿಗೆ ಆರ್ 1 ತುಂಡು 84 ಬೇಕು, ಎತ್ತರ 1.4 ಮೀಟರ್. ನಾನಾಗಿದ್ದರೆ ಆರಕ್ಕೆ ನಿಲ್ಲಿಸುತ್ತಿದ್ದೆ.

ಹಾಸನದಿಂದ

ಇಷ್ಟೆಲ್ಲಾ ಯಾಕೆ? ಮನೆಯೊಳಗೆ ಮೆಟ್ಟಿಲು ಇದ್ದರೆ ಅದರ ಪಕ್ಕಕ್ಕೇ ಟ್ರ್ಯಾಕ್ ಹಾಕಿಬಿಡಿ. ನಾನು ಅದನ್ನೇ ಮಾಡೋಣ ಅಂತಿದ್ದೇನೆ.

ಮೈಸೂರಿನಿಂದ

ಸರ್, ಮೆಟ್ಟಿಲು ಏಳಿಂಚು ಎತ್ತರ, ಹತ್ತಿಂಚು ಅಗಲ ಅಂದುಕೊಂಡರೂ ಶೇ. 70ರ ಏರು. ಹೊಟ್ಟೆಯಡಿ ಹಳಿಯನ್ನು ಕಚ್ಚಿ ಹಿಡಿಯುವ ಮ್ಯಾಗ್ನೆಟ್ ಇಲ್ಲದ ಕಾರು ಮೊದಲ ಮೆಟ್ಟಿಲಿನಲ್ಲೇ ಕೂರುತ್ತದೆ. ಮ್ಯಾಗ್ನೆಟ್ ಇರುವ ಕಾರು ಕಚ್ಚಿಕೊಂಡು ಹತ್ತಿದರೂ ಓಡಿಸುವವರಿಗೆ ಏನೂ ಕೆಲಸ ಇರುವುದಿಲ್ಲ. ಬಟನ್ ಒತ್ತಿ ಹಿಡಿದರೆ ಆಯಿತು, ಲಿಫ್ಟು.

ಅಂದ ಹಾಗೆ ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ಎಷ್ಟು ಏರು ಕೊಡಬಹುದು ಅಂತ ಕೇಳಿದ್ದರು ಮೇಡಂ. ಏರು ತೊಂದರೆ ಕೊಡುವುದಿಲ್ಲ. ಏರು ಶುರುವಾಗುವ ಜಾಗ, ಮುಗಿಯುವ ಜಾಗ, ಅವೆರಡೇ ತೊಂದರೆ. ಬುಡದಲ್ಲಿ ಕಾರಿನ ಮೂತಿ ಏರಿಗೆ ತಗಲುತ್ತದೆ, ಗೈಡ್ ಸೀಳಿನ ತಳಕ್ಕೆ ಕುಟ್ಟುತ್ತದೆ. ತುದಿಯಲ್ಲಿ ಉಲ್ಟಾ. ಗೈಡ್ ಇರುವುದು ಮುಂದಿನ ಚಕ್ರಕ್ಕಿಂತ ಮುಂದೆ. ಏರು ಮುಗಿದ ತಕ್ಷಣ ಅದು ಗಾಳಿಯಲ್ಲಿ ಎದ್ದು ನಿಲ್ಲುತ್ತದೆ, ಕರೆಂಟ್ ಹೋಗುತ್ತದೆ, ಹೊಟ್ಟೆಯ ಮ್ಯಾಗ್ನೆಟ್ ಹಳಿಗೆ ಉಜ್ಜುತ್ತದೆ. ನನ್ನ ಕಾರು ಅಲ್ಲಿ ಸೀಳು ಬಿಟ್ಟು ನೇರ ಕಿಟಕಿ ಕಡೆ ಹೊರಡುತ್ತಿತ್ತು. ವೇಗ ಕಡಿಮೆ ಮಾಡಿದರೆ ಅಲ್ಲೇ ನಿಲ್ಲುತ್ತಿತ್ತು.

ಶೇ. 7 ಅಂದರೆ 4 ಡಿಗ್ರಿ. ಆ ನಾಲ್ಕನ್ನೂ ಒಂದೇ ಜೋಡಣೆಯಲ್ಲಿ ಮುರಿಯಬೇಡಿ. ಮೂರು ನಾಲ್ಕು ಜೋಡಣೆಗೆ ಹಂಚಿ. 87ರ ಪುಟ್ಟ ತುಂಡುಗಳು ಇದಕ್ಕೇ ಹೇಳಿಮಾಡಿಸಿದ್ದು. ಹಂಚಿದ ಮೇಲೆ ಸ್ಟೀಲ್ ಸ್ಕೇಲನ್ನು ಟ್ರ್ಯಾಕಿನ ಮೇಲೆ ನಿಲ್ಲಿಸಿ ಸರಿಸುತ್ತಾ ಹೋಗಿ. ಅದು ಎಲ್ಲಿ ಟಕ್ ಅನ್ನುತ್ತದೋ ಅಲ್ಲಿ ಕಾರೂ ಹಾರುತ್ತದೆ.

ಬರ್ಮಿಂಗ್‌ಹ್ಯಾಮ್‌ನಿಂದ

ಇಲ್ಲಿಗೆ ಬಂದು ಹನ್ನೊಂದು ವರ್ಷ. ನಾನು ಟ್ರ್ಯಾಕ್ ಕಟ್ಟಿಲ್ಲ, ಬೇರೆಯವರದ್ದರಲ್ಲಿ ಆಡಿದ್ದೇನೆ. ಆದರೆ ನಿಜವಾದ ಹಿಲ್ ಕ್ಲೈಂಬ್ ನೋಡಿದ್ದೇನೆ. ವೂಸ್ಟರ್‌ಶೈರಿನ ಶೆಲ್ಸ್ಲಿ ವಾಲ್ಷ್ ಇಲ್ಲಿಂದ ಹತ್ತಿರ. 1905ರಲ್ಲಿ ಶುರುವಾದ ಗುಡ್ಡದ ರೇಸು, ಇಂದಿಗೂ ಅದೇ ರಸ್ತೆಯಲ್ಲಿ ನಡೆಯುತ್ತದೆ. ಉದ್ದ ಬರೀ 1000 ಗಜ, ಏರು 328 ಅಡಿ. ಅದನ್ನು 1/32ಕ್ಕೆ ಇಳಿಸಿದರೂ 28.6 ಮೀಟರ್ ಟ್ರ್ಯಾಕ್ ಬೇಕು, 3.1 ಮೀಟರ್ ಎತ್ತರ ಬೇಕು. ಹತ್ತಡಿ ಸೂರಿಗೆ ಕಾರು ತಲೆ ಹೊಡೆಯುತ್ತದೆ. ಹಾಗಾಗಿ ಯಾವ ರಸ್ತೆಯನ್ನೂ ಅಳತೆಗೆ ಸರಿಯಾಗಿ ಮಾಡಲು ಹೋಗಬೇಡಿ.

ನಕಲು ಮಾಡಬೇಕಾದ್ದು ಆಟದ ರೀತಿಯನ್ನು. ಅಲ್ಲಿ ಪಕ್ಕಪಕ್ಕ ಓಡಿಸುವುದಿಲ್ಲ. ನಿಂತಲ್ಲಿಂದ ಹೊರಟು ಒಂದೊಂದೇ ಕಾರು, ಗಡಿಯಾರದ ಜೊತೆಗೆ ಪೈಪೋಟಿ. ನಿಮಗೆ ಇದು ವರ. ಎರಡು ಲೇನಿನ ಟ್ರ್ಯಾಕಿದ್ದರೂ ಒಂದನ್ನೇ ಬಳಸಿ. ಕಾರು ಮೇಲೆ ಮುಟ್ಟಿದ ಮೇಲೆ ಕೈಯಲ್ಲಿ ಎತ್ತಿ ಕೆಳಗಿಡಿ. ಕರೆಂಟ್ ತಿರುಗಿಸಿ ಹಿಂದಕ್ಕೆ ಓಡಿಸಲು ಹೋಗಬೇಡಿ. ಗೈಡ್ ಇರುವುದು ಮುಂದೆ, ರಿವರ್ಸಿನಲ್ಲಿ ಅದು ದಾರಿ ತೋರಿಸುವುದಿಲ್ಲ, ಬಾಲ ಬೀಸಿ ಕಾರು ಆಚೆ ಬೀಳುತ್ತದೆ. ಸ್ಟಾರ್ಟ್ ಲೈನ್ ಮಾತ್ರ ಸಮತಟ್ಟಾದ ಒಂದು ತುಂಡಿನ ಮೇಲಿರಲಿ. ಏರಿನ ಮೇಲೆ ನಿಂತು ಹೊರಟರೆ ಚಕ್ರ ಸುಮ್ನೆ ಸುತ್ತಬಹುದು.

ಉಡುಪಿಯಿಂದ

ನಾನು ಮರದಲ್ಲಿ ಮಾಡಿದೆ. ಮರದ ನಾರು ಒತ್ತಿ ಮಾಡಿದ 12 ಮಿಮೀ ಎಂಡಿಎಫ್‌ನಲ್ಲಿ ಮರ ಕೊರೆಯುವ ರೂಟರ್ ಯಂತ್ರ ಹಿಡಿದು 3 ಮಿಮೀ ಅಗಲ, 8 ಮಿಮೀ ಆಳದ ಸೀಳು ತೆಗೆದು, ಎರಡೂ ಕಡೆ ತಾಮ್ರದ ಟೇಪ್ ಅಂಟಿಸಿದೆ. ನೋಡಲು ಏನು ಚಂದ! ಕಾರು ಇಟ್ಟೆ, ಎರಡನೇ ತಿರುವಿನಲ್ಲೇ ಜಾರಿತು. ಕಾರಿನ ಮ್ಯಾಗ್ನೆಟ್ ಹಿಡಿಯುವುದು ಕಬ್ಬಿಣವನ್ನು, ತಾಮ್ರವನ್ನಲ್ಲ ಅಂತ ಅಷ್ಟು ಹೊತ್ತು ತಲೆಗೆ ಹೋಗಿರಲಿಲ್ಲ. ಪ್ಲಾಸ್ಟಿಕ್ ಟ್ರ್ಯಾಕಿನ ಹಳಿ ಉಕ್ಕಿನದು, ಅದಕ್ಕೇ ಅಲ್ಲಿ ಕಚ್ಚುತ್ತದೆ.

ಮ್ಯಾಗ್ನೆಟ್ ಇಲ್ಲದೆಯೂ ಏರಿಸಬಹುದು. ಏರಿನಲ್ಲಿ ಭಾರ ಹಿಂದಕ್ಕೆ ಹೋಗುತ್ತದೆ, ಮೂತಿ ಹಗುರ ಆಗುತ್ತದೆ. ಗೈಡಿನ ಹಿಂದುಗಡೆ ಸ್ವಲ್ಪ ತೂಕ ಕೂರಿಸಬೇಕು. ಟಯರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗಿಗೆ ಅಂಟಿಸುವ 5 ಗ್ರಾಮಿನ ತುಂಡುಗಳಿವೆಯಲ್ಲ, ಎರಡು ಕೊಡಿ ಅಂದರೆ ದುಡ್ಡೂ ಕೇಳುವುದಿಲ್ಲ. ಒಂದು ಅಂಟಿಸಿ ನೋಡಿ, ಸಾಲದಿದ್ದರೆ ಇನ್ನೊಂದು. ಟಯರನ್ನು ಸೆಲೋಟೇಪಿನ ಅಂಟಿನ ಮೇಲೆ ಉರುಳಿಸಿ ಧೂಳು ತೆಗೆಯಿರಿ, ಅರ್ಧ ಹಿಡಿತ ಅಲ್ಲೇ ವಾಪಸ್ ಬರುತ್ತದೆ.

ಮಳೆಗಾಲ ನಮ್ಮ ಕಡೆ ಬೇರೆಯೇ ಕತೆ. ಬಣ್ಣ ಕಾಣದ ಎಂಡಿಎಫ್ ಅಂಚು ಹಪ್ಪಳದ ಹಾಗೆ ಉಬ್ಬಿತು, ಸೀಳು ಕಿರಿದಾಯಿತು, ಗೈಡ್ ಸಿಕ್ಕಿಕೊಂಡಿತು. ಪ್ಲಾಸ್ಟಿಕ್ ಟ್ರ್ಯಾಕಿನ ಹಳಿಗೂ ತುಕ್ಕು ಬರುತ್ತದೆ. ಬಟ್ಟೆಗೆ ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಹಾಕಿ ಹಳಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಪೂರ್ತಿ ತೆಗೆಯಿರಿ. ಎಣ್ಣೆ ಟಯರಿಗೆ ತಾಗಿದರೆ ಮಾತ್ರ ಕೆಲಸ ಕೆಟ್ಟಿತು. ಬೆಂಗಳೂರಿನಲ್ಲಿ ಇಷ್ಟು ಕಾಟ ಇರಲಿಕ್ಕಿಲ್ಲ ಬಿಡಿ.

ಧಾರವಾಡದಿಂದ

ಕರೆಂಟಿನ ಬಗ್ಗೆ ಯಾರೂ ಮಾತಾಡಲಿಲ್ಲಲ್ರೀ. ಪ್ರತಿ ಜೋಡಣೆಯಲ್ಲೂ ಸ್ವಲ್ಪ ಸ್ವಲ್ಪ ವೋಲ್ಟೇಜ್ ಸೋರುತ್ತದೆ. ನೆಲದ ಮೇಲಿನ ಟ್ರ್ಯಾಕಿನಲ್ಲಿ ಗೊತ್ತೇ ಆಗುವುದಿಲ್ಲ. ಏರಿನಲ್ಲಿ ಕಾರಿಗೆ ಉದ್ದಕ್ಕೂ ಶಕ್ತಿ ಜಾಸ್ತಿ ಬೇಕು, ತುದಿಯ ಕಡೆ ಹೋದಷ್ಟೂ ವೋಲ್ಟೇಜ್ ಕಡಿಮೆ. ನನ್ನ ಕಾರು ನಾಲ್ಕನೇ ತಿರುವಿನಲ್ಲಿ ಮುದುಕರ ಹಾಗೆ ಉಸಿರು ಬಿಡುತ್ತಿತ್ತು. ಮನೆ ವೈರಿಂಗಿನ 1 ಸ್ಕ್ವೇರ್ ಎಂಎಂ ವೈರ್ ಎಳೆದು, ಪ್ರತಿ ಸುತ್ತಿಗೂ ಒಂದು ಕಡೆ ಹಳಿಯ ಅಡಿಗೆ ಬೆಸುಗೆ ಹಾಕಿದೆ. ಎಡ ಹಳಿಗೆ ಕೆಂಪು, ಬಲಕ್ಕೆ ಕಪ್ಪು, ಬುಡದಿಂದ ತುದಿಯವರೆಗೆ ಅದೇ. ಒಂದು ಕಡೆ ಅದಲುಬದಲು ಆದರೆ ಶಾರ್ಟ್.

ಶಾರ್ಟ್ ಅಂದಾಗ ನನ್ನದೊಂದು ಪೆದ್ದತನ ಹೇಳಬೇಕು. ತುದಿಯಲ್ಲಿ ಕಾರು ತಾನಾಗಿ ನಿಲ್ಲಬೇಕು, ಇಲ್ಲದಿದ್ದರೆ ಕೆಳಗೆ ಬೀಳುತ್ತದೆ. ಅದಕ್ಕೆ ಕೊನೆಯ ತುಂಡಿಗೆ ಕರೆಂಟ್ ಕೊಡದೆ, ಅದರ ಎರಡು ಹಳಿಗಳನ್ನೂ ಒಂದು ವೈರಿನಿಂದ ಸೇರಿಸಬೇಕು. ಕಾರು ಅಲ್ಲಿಗೆ ಬಂದಾಗ ಸುತ್ತುತ್ತಿರುವ ಮೋಟಾರೇ ಡೈನಮೋ ಆಗಿ ತನಗೆ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಕೆಲಸ ಸೊಗಸಾಗಿ ಆಯಿತು, ಆದರೆ ಪ್ರತಿ ಸಲ ಗೆರೆ ದಾಟಿದಾಗಲೂ ಅಡಾಪ್ಟರ್ ಟ್ರಿಪ್. ಎರಡು ಸಂಜೆ ತಲೆ ಕೆರೆದುಕೊಂಡೆ. ಆಮೇಲೆ ಕಾರು ತಿರುಗಿಸಿ ನೋಡಿದೆ. ಗೈಡಿನ ಪಕ್ಕದಲ್ಲಿ ಹಳಿ ಉಜ್ಜುವ ತಾಮ್ರದ ಬ್ರೇಡ್ ಇದೆಯಲ್ಲ, ಅದರ ಉದ್ದ ನಾನು ಹಳಿಯಲ್ಲಿ ಬಿಟ್ಟಿದ್ದ ಗ್ಯಾಪಿಗಿಂತ ಜಾಸ್ತಿ. ಆ ಕಡೆ ಕರೆಂಟ್ ಇರುವ ಹಳಿ, ಈ ಕಡೆ ಶಾರ್ಟ್ ಮಾಡಿದ ಹಳಿ, ಬ್ರೇಡ್ ಎರಡನ್ನೂ ಮುಟ್ಟುತ್ತಿತ್ತು. ಗ್ಯಾಪನ್ನು 40 ಮಿಮೀ ಮಾಡಿದೆ. ಕಾರು ಓಟದ ಜೋರಿನಲ್ಲಿ ಅದನ್ನು ದಾಟಿಕೊಂಡು ಬಂದು ನಿಲ್ಲುತ್ತದೆ.

ಟೈಮಿಂಗಿಗೆ ಫೋನಿನ ಸ್ಟಾಪ್‌ವಾಚ್ ನೆಚ್ಚಿಕೊಂಡರೆ ಜಗಳ ಖಂಡಿತ. ಸೀಳಿನ ತಳಕ್ಕೆ ಸ್ಟಾರ್ಟಿನಲ್ಲಿ ಒಂದು, ಫಿನಿಷಿನಲ್ಲಿ ಒಂದು 3 ಮಿಮೀ ತೂತು ಹೊಡೆದು, ಅಡಿಯಿಂದ ಬೆಳಕು ಗುರುತಿಸುವ ಫೋಟೋಟ್ರಾನ್ಸಿಸ್ಟರ್ ಇಟ್ಟು, ಮೇಲೆ ಒಂದು ಸಣ್ಣ ದೀಪ ಇಡಿ. ಗೈಡ್ ಹಾದಾಗ ಬೆಳಕು ಮುಚ್ಚುತ್ತದೆ, ಆರ್ಡುಯಿನೋ ಊನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು ಸಮಯ ಎಣಿಸಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಇದ್ದೀರಿ, ಎಸ್‌ಪಿ ರೋಡಿನಲ್ಲಿ ಎಲ್ಲಾ ಸಿಗುತ್ತದೆ. ಎಲ್‌ಡಿಆರ್ (ಬೆಳಕು ಗುರುತಿಸುವ ಇನ್ನೊಂದು ಬಿಡಿಭಾಗ) ಅಗ್ಗ ಅಂತ ತರಬೇಡಿ, ಅದು ನಿಧಾನ. ಕಾರು ಹೋದ ಮೇಲೆ ಎಚ್ಚರ ಆಗುತ್ತದೆ.

ಕೇಳಿದವರು, ಬೆಂಗಳೂರು (ಎರಡು ತಿಂಗಳ ಮೇಲೆ)

ಎಲ್ಲರಿಗೂ ಥ್ಯಾಂಕ್ಸ್. ಕಟ್ಟಿ ಮುಗಿಸಿದೆವು. ಮೈಸೂರಿನವರು ಹೇಳಿದ 8, ಆರು ತಿರುವು, ತುದಿ 60 ಸೆಂಟಿಮೀಟರಿನಲ್ಲಿ. ಬಿಲ್ಲೆ ಎಣಿಸುವ ಕೆಲಸ ಮಗಳದ್ದು. ಐದನೇ ಜೋಡಣೆಗೆ ನಾಲ್ಕೇ ಇಟ್ಟಿದ್ದಳು, ಸ್ಕೇಲ್ ಟಕ್ ಅಂದಿದ್ದರಿಂದ ಸಿಕ್ಕಿಬಿದ್ದಳು. 584 ಹೋಗಿ ಆಚೀಚೆ ಉಳಿಯುವುದು 13 ಮಿಮೀ ಮಾತ್ರ, 8 ಮಿಮೀ ರಾಡ್ ಹಾಗೂ ಹೀಗೂ ನಿಂತಿತು.

ನೀವ್ಯಾರೂ ಹೇಳದ ಎರಡು ಸಂಗತಿ ನಾನು ಸೇರಿಸುತ್ತೇನೆ. ಒಂದು, ಸದ್ದು. ಪ್ಲೈ ಹಲಗೆ ತಮಟೆ ಬಾರಿಸಿದ ಹಾಗೆ ಕೇಳುತ್ತದೆ. ಕೆಳಗಿನ ಮನೆಯವರು ಮೇಲೆ ಬಂದು ಹಿಟ್ಟಿನ ಗಿರಣಿ ಏನಾದರೂ ಇಟ್ಟಿದ್ದೀರಾ ಅಂತ ಕೇಳಿದರು. ಹಳೆಯ ಯೋಗ ಮ್ಯಾಟ್ ಕತ್ತರಿಸಿ ಹಲಗೆಯ ಅಡಿಗೆ ಹಾಸಿದ ಮೇಲೆ ಸುಮಾರು ಸರಿಹೋಯಿತು. ಎರಡು, ಬೀಳುವುದು. ಮೇಲಿಂದ ಬಿದ್ದ ಕಾರಿನ ಹಿಂದಿನ ರೆಕ್ಕೆ ಮೊದಲ ದಿನವೇ ಮುರಿಯಿತು. ಹರಿದ ಸೊಳ್ಳೆ ಪರದೆಯನ್ನು ಹೊರಗಿನ ರಾಡುಗಳಿಗೆ ಸುತ್ತಿ ಕಟ್ಟಿದ್ದೇವೆ. ಈಗ ಕಾರು ಬಲೆಗೆ ಬಿದ್ದ ಮೀನಿನ ಹಾಗೆ ತೂಗಾಡುತ್ತದೆ, ಮುರಿಯುವುದಿಲ್ಲ.

ಧಾರವಾಡದವರು ಹೇಳಿದ ಟೈಮರ್ ಇನ್ನೂ ಆಗಿಲ್ಲ. ಸ್ಟಾಪ್‌ವಾಚೇ ನಡೆಯುತ್ತಿದೆ, ಜಗಳವೂ ನಡೆಯುತ್ತಿದೆ. ಇನ್ನು ನಾಲ್ಕು ತಿರುವಿಗಾದರೂ ತುಂಡು ತರಿಸೋಣವಾ ಅಂತ ಮೊನ್ನೆ ಮಗಳನ್ನು ಕೇಳಿದೆ. ಬೇಡವಂತೆ. ಆರಕ್ಕೇ ನಿಲ್ಲಲಿ, ಏಳನೆಯದು ಬಂದರೆ ವಾಂತಿ ಬರುತ್ತದೆ ಅಂದಳು.