ಟಿಬಿ ಗುಳಿಗೆ ಶುರುವಾದ ಮೇಲೆ ಬುಪ್ರೆನಾರ್ಫಿನ್ ಸಾಲುತ್ತಿಲ್ಲ: ಡೋಸ್ ಏರಿಸಬೇಕಾ?

ಧಾರಾವಿ ಕೌನ್ಸೆಲರ್
ಗರ್ದ್ (ಕಚ್ಚಾ ಹೆರಾಯಿನ್) ಬಿಟ್ಟು ಓಎಸ್‌ಟಿಗೆ, ಅಂದರೆ ಅದರ ಬದಲು ನಿಗಾದಲ್ಲಿ ಬುಪ್ರೆನಾರ್ಫಿನ್‌ನಂಥ ಔಷಧ ಕೊಡುವ ಚಿಕಿತ್ಸೆಗೆ, ಬರುವ ಒಬ್ಬರು, ತೂಕ 52 ಕೆಜಿ. ಬುಪ್ರೆನಾರ್ಫಿನ್ 8 ಎಂಜಿಯಲ್ಲಿ ಸರಿಯಾಗಿದ್ದರು. ಟಿಬಿ ಚಿಕಿತ್ಸೆ ಶುರುವಾಗಿ ಎರಡನೇ ವಾರ. ಈಗ ಸಂಜೆಯಾದರೆ ಆಕಳಿಕೆ, ಮೂಗು ಸೋರೋದು, ಮೈಯೆಲ್ಲ ಮುಳ್ಳೇಳೋದು, ಬೇಧಿ. ಬೆಳಗಿನ ಡೋಸ್ ನಮ್ಮೆದುರೇ ಆಗುತ್ತೆ. ಮೂತ್ರದಲ್ಲಿ ಓಪಿಯೇಟ್ (ಹೆರಾಯಿನ್ ಗುಂಪಿನ ಮಾದಕ) ಪಾಸಿಟಿವ್, ಹಾಗಾಗಿ "ಹೊರಗೆ ಮತ್ತೆ ಶುರು ಮಾಡಿದ್ದಾನೆ" ಅನ್ನೋ ಮಾತು. ದೇಹ ಔಷಧವನ್ನು ಎಷ್ಟು ಬೇಗ ಒಡೆಯುತ್ತೆ ಅಂತ ನೋಡುವ ಜೀನ್ ಟೆಸ್ಟ್ ಮಾಡಿಸಿದರೆ ಏನಾದರೂ ತಿಳಿಯುತ್ತಾ?

ಸಯನ್ ಫಾರ್ಮಸಿಸ್ಟ್
ಮೇಡಂ, ಮೊದಲು ಟಿಬಿ ಸ್ಟ್ರಿಪ್ ನೋಡಿ. 52 ಕೆಜಿಗೆ ದಿನಕ್ಕೆ 4 ಎಫ್‌ಡಿಸಿ (ಹಲವು ಟಿಬಿ ಔಷಧ ಒಂದರಲ್ಲೇ ಬೆರೆತ ಗುಳಿಗೆ), ಒಂದೊಂದರಲ್ಲೂ ರಿಫಾಂಪಿಸಿನ್ 150 ಎಂಜಿ, ಒಟ್ಟು 600. ಬುಪ್ರೆನಾರ್ಫಿನ್ ಒಡೆಯುವ ಸಿವೈಪಿ3ಎ4 ಕಿಣ್ವವನ್ನು ಲಿವರ್ ಹೆಚ್ಚು ಹೆಚ್ಚು ತಯಾರಿಸುವಂತೆ ಮಾಡೋದೇ ಈ ರಿಫಾಂಪಿಸಿನ್. ಅದು ಪೂರ್ತಿ ಏರೋಕೆ ಒಂದೆರಡು ವಾರ ಬೇಕು. ಅದಕ್ಕೇ ಮೊದಲ ದಿನಗಳಲ್ಲಿ ಸುಮ್ಮನಿದ್ದವರಿಗೆ ಈಗ ಟರ್ಕಿ (ಔಷಧ ಸಾಲದೆ ಬರುವ ನಶೆ ಬಿಟ್ಟಾಗಿನ ತೊಂದರೆ). ರಕ್ತಕ್ಕೆ ಸಿಗುವ ಬುಪ್ರೆನಾರ್ಫಿನ್ ಸುಮಾರು 70% ಇಳಿದದ್ದು ಅಧ್ಯಯನದಲ್ಲಿ ಕಂಡಿದೆ, 8 ಎಂಜಿ ಎಲ್ಲಿ ಸಾಲುತ್ತೆ?

ಇನ್ನೊಂದು ಮಾತು. ಕೆಲವು ಇಮ್ಯುನೋ ಅಸ್ಸೇಗಳಲ್ಲಿ (ಮೂತ್ರದ ಪ್ರಾಥಮಿಕ ಪರೀಕ್ಷೆಗಳಲ್ಲಿ) ರಿಫಾಂಪಿಸಿನ್ನೇ ಓಪಿಯೇಟ್‌ಗೆ ಸುಳ್ಳು ಪಾಸಿಟಿವ್ ತೋರಿಸುತ್ತೆ. ಬೇರೆ ವಿಧಾನದಲ್ಲಿ ಖಚಿತಪಡಿಸದೆ ಆ ರಿಪೋರ್ಟ್ ನಂಬಬೇಡಿ. ಮೂತ್ರ ಕಿತ್ತಳೆ ಬಣ್ಣಕ್ಕೆ ಬಂದಿದ್ದರೆ ಟಿಬಿ ಗುಳಿಗೆ ಹೊಟ್ಟೆಗೆ ಹೋಗ್ತಿದೆ ಅಂತಲೇ ಅರ್ಥ.

ಜೀನ್ ಟೆಸ್ಟ್‌ಗೆ ದುಡ್ಡು ಹಾಕಬೇಡಿ. ಹುಟ್ಟಿನಿಂದ ಬಂದ ಜೀನ್ ಏನಿದ್ದರೂ ಇಲ್ಲಿ ಆಟ ಬದಲಿಸಿದ್ದು ಗುಳಿಗೆ.

ಪುಣೆ ವೈದ್ಯ
ಮೇಲಿನದು ಸರಿ. ಆದರೆ ಡೋಸ್ ಏರಿಸುವ ಮುಂಚೆ ಬಾಯಿ ನೋಡಿ. ಗುಟ್ಕಾ ಇಟ್ಟುಕೊಂಡಿದ್ದರೆ ಅಥವಾ ಬಾಯಿ ಒಣಗಿದ್ದರೆ ಗುಳಿಗೆ ಕರಗಲ್ಲ. ಸ್ವಲ್ಪ ನೀರು ಕುಡಿಸಿ, ಪುಡಿ ಮಾಡಿ ನಾಲಿಗೆ ಕೆಳಗೆ ಹಾಕಿ, 5ರಿಂದ 10 ನಿಮಿಷ ಮಾತಾಡದೆ ಕೂರಿಸಿ. ನುಂಗಿಬಿಟ್ಟರೆ ಹೆಚ್ಚಿನದು ಲಿವರ್‌ನಲ್ಲೇ ಹಾಳು.

ಆಮೇಲೆ ಕೌಸ್ ಸ್ಕೋರ್ (ಟರ್ಕಿ ಎಷ್ಟು ಜೋರು ಅಂತ ಅಳೆಯುವ ಅಂಕ) ಎರಡು ಹೊತ್ತು: ಬೆಳಗ್ಗೆ ಡೋಸ್‌ಗೆ ಮುಂಚೆ, ಸಂಜೆ ಮತ್ತೊಮ್ಮೆ. ಎರಡೂ ಏರಿದ್ದರೆ 2ರಿಂದ 4 ಎಂಜಿ ಏರಿಸಿ, ಎರಡು ಮೂರು ದಿನ ನೋಡಿ ಮತ್ತೆ ಯೋಚಿಸುವುದು ವಾಡಿಕೆ. ಸಂಜೆ ಮಾತ್ರ ತೊಂದರೆಯಿದ್ದರೆ ಅದೇ ಡೋಸ್ ಎರಡು ಹೊತ್ತಿಗೆ ಹಂಚುವುದನ್ನು ಮೊದಲು ನೋಡಬಹುದು, ಸೆಂಟರ್ ಸಂಜೆ ತೆರೆದಿದ್ದರೆ! 24 ಎಂಜಿ ದಾಟುವ ಪ್ರಸಂಗ ಬಂದರೆ ಟಿಬಿ ವೈದ್ಯರ ಜೊತೆ ರಿಫಾಂಪಿಸಿನ್ ಬದಲು ಅದೇ ಗುಂಪಿನ ರಿಫಾಬ್ಯುಟಿನ್ ಬಗ್ಗೆ ಮಾತಾಡಿ, ಕಿಣ್ವದ ಮೇಲೆ ಅದರ ಹೊಡೆತ ಕಡಿಮೆ. ಹೆಪಟೈಟಿಸ್ ಸಿ ಇದೆಯಾ? ಎಲ್‌ಎಫ್‌ಟಿ (ಲಿವರ್ ಪರೀಕ್ಷೆ) ಮಾಡಿಸಿ. ಲಿವರ್ ತೀರಾ ಕೆಟ್ಟಿದ್ದರೆ ನಲೋಕ್ಸೋನ್ (ಓಪಿಯೇಟ್ ಪರಿಣಾಮ ತಡೆಯುವ ಔಷಧ) ಬೆರೆತ ಬುಪ್ರೆನಾರ್ಫಿನ್ ಗುಳಿಗೆ ಬೇಡ.

ಧಾರಾವಿ ಕೌನ್ಸೆಲರ್
ಬಾಯಿ ಸರಿಯಿದೆ, ಗುಟ್ಕಾ ಇಲ್ಲ. ನಮ್ಮ ಡಾಕ್ಟರ್ ಓಎಸ್‌ಟಿಯ ಇನ್ನೊಂದು ಔಷಧ ಮೆಥಡೋನ್‌ಗೆ ಬದಲಿಸೋಣ ಅಂತಿದ್ದಾರೆ.

ಹುಬ್ಬಳ್ಳಿ ಮಂದಿ, ಪುಣೆ
ಅದರಿಂದ ತ್ರಾಸ ತಪ್ಪೂದಿಲ್ರಿ. ರಿಫಾಂಪಿಸಿನ್ ಮೆಥಡೋನ್ ಮಟ್ಟಾನೂ ಜೋರಾಗೇ ಇಳಿಸ್ತದ. ಮ್ಯಾಲೆ ಮೆಥಡೋನ್ ಅರ್ಧಾಯುಷ್ಯ (ರಕ್ತದಾಗಿನ ಮಟ್ಟ ಅರ್ಧಕ್ಕ ಇಳಿಯೂ ಹೊತ್ತು) ಮಂದಿಗೊಂದು ಥರ, 8ರಿಂದ 59 ತಾಸು. ಅವಸರ ಮಾಡಿ ದಿನಾ ಏರಿಸಿದ್ರ ನಾಲ್ಕೈದು ದಿನದ ಮ್ಯಾಲೆ ಔಷಧ ಕೂಡಿಕೊಂಡು ಉಸಿರಾಟ ನಿಂತೀತು. ಕ್ಯೂಟಿ (ಹೃದಯದ ಲಯ ಕೆಡೂ ಅಪಾಯ ತೋರಿಸೂ ಅಳತಿ) ನೋಡಾಕ ಇಸಿಜಿ ಬ್ಯಾರೆ. ಜೀನ್ ಮಾತು ಅಲ್ಲಿ ಸ್ವಲ್ಪ ಅರ್ಥ ಆಗ್ತದ: ಮೆಥಡೋನ್ ಒಡಿಯೂದು ಮುಖ್ಯವಾಗಿ ಸಿವೈಪಿ2ಬಿ6 ಅನ್ನೂ ಕಿಣ್ವ, ಅದರ ಜೀನಿನ *6 ಅನ್ನೂ ರೂಪ ಇದ್ದವ್ರೊಳಗ ನಿಧಾನ. ಆದ್ರೂ ಡೋಸ್‌ಗೆ ಮುಂಚಿನ ರಕ್ತದ ಮಟ್ಟ, ಡೋಸ್ ಆದ 2ರಿಂದ 4 ತಾಸಿನ ಮಟ್ಟ, ಎರಡೂ ತಗೊಂಡು ನೋಡೂದೇ ಚಲೋ. ಎರಡನೇದು ಮೊದಲನೇದರ ದುಪ್ಪಟ್ಟಿಗಿಂತ ಹೆಚ್ಚಿದ್ರ ಬೇಗ ಒಡಿಯೂ ಮನುಷ್ಯ, ಡೋಸ್ ಒಡದು ಕೊಡ್ರಿ.

ಪುಣೆ ವೈದ್ಯ
ಎಲ್ಲರೂ ಮರೆಯೋದು ಇದನ್ನ: ಟಿಬಿ ಕೋರ್ಸ್ ಮುಗಿದಾಗ ಕಿಣ್ವ ಎರಡು ವಾರದಲ್ಲಿ ಮೊದಲಿನ ಮಟ್ಟಕ್ಕೆ ಇಳಿಯುತ್ತೆ, ಏರಿಸಿದ ಡೋಸ್ ಮಾತ್ರ ಹಾಗೇ ಉಳಿದಿರುತ್ತೆ. ಜೊತೆಗೆ ಸಾರಾಯಿಯೋ ನಿದ್ರೆ ಗುಳಿಗೆಯೋ ಸೇರಿದರೆ ಮಂಪರು, ಉಸಿರಾಟದ ತೊಂದರೆ. ಆ ಎರಡು ವಾರದಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ. ಮಧ್ಯೆ ತಾವೇ ಟಿಬಿ ಗುಳಿಗೆ ಬಿಟ್ಟರೂ ಇದೇ ಕಥೆ. ಕೊನೆಯ ಗುಳಿಗೆ ದಿನಾಂಕವನ್ನು ಓಎಸ್‌ಟಿ ಫೈಲಿನ ಮೊದಲ ಪುಟದಲ್ಲೇ ಬರೆದಿಡಿ.