‘ಅಲ್ಪಮತದ ಸರ್ಕಾರ’ ಸ್ವೀಡನ್ನಿಗೆ ಒಗ್ಗುತ್ತದೆಯೇ? ಬೇರೆ ಪದ ಇದ್ದರೆ ತಿಳಿಸಿ

ಎಲ್ಲರಿಗೂ ನಮಸ್ಕಾರ. ಎರಡು ಪದಗಳ ವಿಷಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ನಿಮ್ಮ ಸಹಾಯ ಬೇಕು.

ನಾನಿರುವುದು ಸ್ವೀಡನ್ನಿನ ವೆಸ್ಟೆರೋಸ್‌ನಲ್ಲಿ. ಮೊನ್ನೆ ಊರಲ್ಲಿರುವ ಅಪ್ಪನಿಗೆ ಫೋನಿನಲ್ಲಿ ಇಲ್ಲಿನ ರಾಜಕೀಯ ಹೇಳುತ್ತಾ ‘ಇಲ್ಲಿ ಹೆಚ್ಚಾಗಿ ಇರುವುದು ಅಲ್ಪಮತದ ಸರ್ಕಾರವೇ’ ಅಂದೆ. ಅಪ್ಪ ಕೂಡಲೇ ‘ಹಾಗಾದ್ರೆ ಯಾವಾಗ ಬೀಳುತ್ತೆ?’ ಎಂದು ಕೇಳಿದರು. ತಪ್ಪು ನಾನು ಬಳಸಿದ ಪದದ್ದು. ನಮ್ಮ ಪತ್ರಿಕೆಗಳಲ್ಲಿ ಸರ್ಕಾರ ಅಲ್ಪಮತಕ್ಕೆ ‘ಕುಸಿಯುತ್ತದೆ’. ಆ ಪದದ ಜೊತೆ ಬರುವ ಕ್ರಿಯಾಪದವೇ ಅದು. ಕೇಳಿದ ತಕ್ಷಣ ರಾಜೀನಾಮೆ, ರಾಜ್ಯಪಾಲರು, ರೆಸಾರ್ಟು ಎಲ್ಲ ಕಣ್ಣಮುಂದೆ ಬರುತ್ತವೆ. ಸ್ವೀಡಿಶ್‌ನ ‘ಮಿನೊರಿಟೇಟ್ಸ್‌ರೆಯೇರಿಂಗ್’ ಪದಕ್ಕೆ ಆ ಛಾಯೆ ಇಲ್ಲ. ಅದು ಇಲ್ಲಿ ದಿನಬಳಕೆಯ, ಸಾಧಾರಣ ಪದ.

ಕಾರಣ ಇಲ್ಲಿನ ನಿಯಮದಲ್ಲಿದೆ. ಸಂಸತ್ತಿನಲ್ಲಿ, ಅಂದರೆ ರಿಕ್ಸ್‌ಡಾಗ್‌ನಲ್ಲಿ, 349 ಸ್ಥಾನಗಳು. ಪ್ರಧಾನಿಯಾಗುವವರು ‘ನನಗೆ ಬಹುಮತವಿದೆ’ ಎಂದು ಸಾಬೀತು ಮಾಡಬೇಕಾಗಿಲ್ಲ. ಅವರ ವಿರುದ್ಧ 175 ಮತ ಬೀಳದಿದ್ದರೆ ಸಾಕು. 2021ರ ನವೆಂಬರ್ 24ರಂದು ಮಗ್ದಲೇನಾ ಆಂಡರ್‌ಸನ್ ಅವರ ಪರವಾಗಿ 117 ಮತ, ವಿರುದ್ಧ 174 ಮತ ಬಿದ್ದವು, 57 ಜನ ಯಾರ ಪರವೂ ಮತ ಹಾಕಲಿಲ್ಲ. ಅವರು ಗೆದ್ದರು! ಅದೇ ದಿನ ಗ್ರೀನ್ ಪಾರ್ಟಿ ಸಮ್ಮಿಶ್ರ ಸರ್ಕಾರದಿಂದ ಹೊರನಡೆದದ್ದಕ್ಕೆ ಕೆಲವೇ ಗಂಟೆಗಳಲ್ಲಿ ರಾಜೀನಾಮೆ ಕೊಟ್ಟರು, ಐದು ದಿನ ಬಿಟ್ಟು ನಡೆದ ಮತದಾನದಲ್ಲಿ ಪರವಾಗಿ ಬರೀ 101 ಮತ, ವಿರುದ್ಧ 173, ಆದರೂ ಮತ್ತೆ ಪ್ರಧಾನಿಯಾದರು. ಇದನ್ನು ನಮ್ಮ 2019ರ ಜುಲೈ 23ರ ಪಕ್ಕ ಇಟ್ಟು ನೋಡಿ. ವಿಧಾನಸಭೆಯಲ್ಲಿ ಪರ 99, ವಿರುದ್ಧ 105, ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರ ಹೋಯಿತು. ನಮ್ಮಲ್ಲಿ ಸದನಕ್ಕೆ ಬಾರದವರಿಂದ ಸರ್ಕಾರ ಬಿತ್ತು, ಇಲ್ಲಿ ಸದನದಲ್ಲಿ ಸುಮ್ನೆ ಕೂತವರಿಂದ ಸರ್ಕಾರ ಬಂತು.

ಹಾಗಾಗಿ ಆ 57 ಜನ ಮಾಡಿದ್ದಕ್ಕೆ ಏನನ್ನೋಣ? ‘ಬೆಂಬಲಿಸಿದರು’ ಅಂದರೆ ಸುಳ್ಳು. ‘ತಟಸ್ಥರಾಗಿದ್ದರು’ ಅಂದರೆ ಅವರಿಂದ ಏನೂ ಆಗಲಿಲ್ಲ ಎಂಬಂತೆ ಕೇಳುತ್ತದೆ, ನಿಜವಾಗಿ ಎಲ್ಲ ಆದದ್ದೇ ಅವರಿಂದ. ಇಲ್ಲಿನ ಜನ ಇದಕ್ಕೆ ‘ಸ್ಲೆಪ್ಪಾ ಫ್ರಾಮ್’ ಅನ್ನುತ್ತಾರೆ, ಹಿಡಿದದ್ದನ್ನು ಮುಂದಕ್ಕೆ ಹೋಗಲು ಬಿಡುವುದು ಎಂಬ ಅರ್ಥ. ನನಗೆ ಹೊಳೆದದ್ದು ‘ದಾರಿ ಬಿಟ್ಟರು’. ಇಕ್ಕಟ್ಟಾದ ರಸ್ತೆಯಲ್ಲಿ ಎದುರಿಂದ ಬಸ್ಸು ಬಂದರೆ ಪಕ್ಕಕ್ಕೆ ಸರಿದು ನಿಲ್ಲುತ್ತೇವಲ್ಲ, ಬಸ್ಸು ಹತ್ತುವುದೂ ಇಲ್ಲ, ತಡೆಯುವುದೂ ಇಲ್ಲ. ‘ಎರಡು ಪಕ್ಷಗಳು ಆಂಡರ್‌ಸನ್‌ಗೆ ದಾರಿ ಬಿಟ್ಟವು’ ಅಂದಾಗ ಅಪ್ಪನಿಗೆ ಥಟ್ಟನೆ ಅರ್ಥವಾಯಿತು. ಪತ್ರಿಕೆಯಲ್ಲಿ ಬರೆದರೆ ಇದು ತೀರಾ ಆಡುಮಾತು ಅನಿಸುತ್ತದೆಯೇ? ನನಗೇನೋ ಅನಿಸುವುದಿಲ್ಲ.

‘ಸಮ್ಮಿಶ್ರ’, ‘ಮೈತ್ರಿ’ ಎರಡೂ ಚೆನ್ನಾಗಿ ಬೇರೂರಿವೆ, ಅವುಗಳ ಬಗ್ಗೆ ತಕರಾರಿಲ್ಲ. ಜಾಸ್ತಿ ಕಾಡುತ್ತಿರುವುದು ‘ಸ್ಟೋಡ್‌ಪಾರ್ಟಿ’. ಮಂತ್ರಿಮಂಡಲಕ್ಕೆ ಸೇರದೆ ಸರ್ಕಾರಕ್ಕೆ ಆಸರೆಯಾಗಿ ನಿಲ್ಲುವ ಪಕ್ಷ. ‘ಹೊರಗಿನಿಂದ ಬೆಂಬಲ’ ನಮಗೆ ಗೊತ್ತು, 1996ರಲ್ಲಿ ದೇವೇಗೌಡರ ಸರ್ಕಾರಕ್ಕೆ ಕಾಂಗ್ರೆಸ್ ಕೊಟ್ಟದ್ದು, ಮರುವರ್ಷ ವಾಪಸ್ ತೆಗೆದುಕೊಂಡದ್ದು. ಆದರೆ ಸ್ವೀಡನ್ನಿನ 2022ರ ಏರ್ಪಾಟು ನೋಡಿ. ಉಲ್ಫ್ ಕ್ರಿಸ್ಟರ್‌ಸನ್ ಅವರ ಮೂರು ಪಕ್ಷಗಳ ಸರ್ಕಾರಕ್ಕೆ ಒಟ್ಟು 103 ಸ್ಥಾನ. ಆಸರೆಯಾಗಿ ನಿಂತ ಸ್ವೀಡನ್ ಡೆಮಾಕ್ರಾಟ್ಸ್‌ಗೆ ಒಬ್ಬರಿಗೇ 73, ಪ್ರಧಾನಿಯ ಸ್ವಂತ ಪಕ್ಷಕ್ಕೆ 68! ನಾಲ್ಕೂ ಪಕ್ಷಗಳು ಸಹಿ ಹಾಕಿದ ಒಪ್ಪಂದಕ್ಕೆ ನಮ್ಮೂರಿನ ಹತ್ತಿರದ ತೀಡೊ ಎಂಬ ಹಳೆಯ ಅರಮನೆಯ ಹೆಸರು. ಮಂತ್ರಿಗಳಿಲ್ಲದಿದ್ದರೂ ಸರ್ಕಾರದ ಕಚೇರಿಯೊಳಗೇ ಆ ಪಕ್ಷದ ಸಿಬ್ಬಂದಿ ಕೂತು ಕೆಲಸ ಮಾಡುವ ವ್ಯವಸ್ಥೆ ಆಯಿತು. ಇದನ್ನು ‘ಹೊರಗಿನಿಂದ’ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ‘ಮಿತ್ರಪಕ್ಷ’ ಅಂದರೆ ಸರ್ಕಾರದ ಒಳಗಿರುವ ಪಕ್ಷವೂ ಆಗಬಹುದು.

‘ಒತ್ತಾಸೆ ಪಕ್ಷ’ ಅಂದರೆ ಹೇಗೆ? ಒತ್ತಾಸೆಯಲ್ಲಿ ಹತ್ತಿರ ನಿಂತು ಆನಿಸಿಕೊಳ್ಳುವ ಭಾವ ಇದೆ, ಒಳಗೋ ಹೊರಗೋ ಎಂಬ ಪ್ರಶ್ನೆ ಏಳುವುದಿಲ್ಲ. ಸ್ವೀಡಿಶ್‌ನ ‘ಸ್ಟೋಡ್’ ಕೂಡ ಬೀಳದಂತೆ ಕೊಡುವ ಆನಿಕೆಗೆ ಸಲ್ಲುವ ಪದ. ಒಂದೇ ಅಳುಕು, ಒತ್ತಾಸೆ ಅಂದಾಗ ಪ್ರೀತಿ, ಹಾರೈಕೆ ಸ್ವಲ್ಪ ಹೆಚ್ಚಾಯಿತೇನೋ, ‘ಗುರುಗಳ ಒತ್ತಾಸೆಯಿಂದ ಬರೆದೆ’ ಅನ್ನುತ್ತೇವಲ್ಲ.

ಗೊನೆಯ ಭಾರಕ್ಕೆ ವಾಲಿದ ಬಾಳೆಗೆ ಒಂದು ಕೋಲು ಆನಿಸಿ ನಿಲ್ಲಿಸುತ್ತಾರೆ. ಅದಕ್ಕೆ ನಿಮ್ಮ ಕಡೆ ಏನಂತಾರೆ? ಮಲೆನಾಡಿನವರು, ಕರಾವಳಿಯವರು, ಹಳೇ ಮೈಸೂರಿನವರು, ಎಲ್ಲರೂ ದಯವಿಟ್ಟು ಬರೆಯಿರಿ. ನನಗೆ ಬೇಕಾದ ಪದ ಅಲ್ಲೇ ಇರಬಹುದು.